ಲೋರೆನ್‌ಬಾಖಿಗೆ ಹೋದ ತೆನೆ

ಲೋರೆನ್‌ಬಾಖ್, ಆಸ್ಟ್ರಿಯಾ
24 ಸೆಪ್ಟೆಂಬರ್ 1982

ಶಶಿ,

ಕ್ರಿಸ್ಮಸ್ ಕಾರ್ಡಲ್ಲದೆ ನನ್ನಿಂದ ಬೇರೆ ಕಾಗದ ಬಂತೆಂದು ಹೆದರಬೇಡ, ಯಾರೂ ಸತ್ತಿಲ್ಲ. ಕನ್ನಡದಲ್ಲಿ ಬರೆದೆನೆಂದು ನಗಲೂ ಬೇಡ. ನಾನು ಬಿಚ್ಚಿದ ಕಾಗದವನ್ನು ಅಲ್ಲಿ ಇಲ್ಲಿ ಮರೆಯುವವಳು, ಇಲ್ಲಿಯ ಮ್ಯಾನೇಜರಿಗೆ ಇಂಗ್ಲಿಷ್ ಓದಲಿಕ್ಕೆ ಬರುತ್ತದೆ. ಕನ್ನಡ ಬರುವವಳು ಈ ಊರಿನಲ್ಲಿ ನಾನೊಬ್ಬಳೇ. ನೀನೂ ಕನ್ನಡದಲ್ಲೇ ಬರಿ.

ವಿಷಯ ಹೇಳುತ್ತೇನೆ. ಸಿಸ್ಟರ್ ಆಗಲು ಈ ದೇಶಕ್ಕೆ ಬಂದು ಅರವತ್ತೈದರಲ್ಲಿ ಕಾನ್ವೆಂಟ್ ಬಿಟ್ಟ ಮೇಲೆ ನಾನು ಮಠವೊಂದರಲ್ಲಿ ಕೆಲಸಕ್ಕಿದ್ದೇನೆಂದು ನಿನಗೆ ಗೊತ್ತು. ನಿಜವಾಗಿ ಇದು ಮಠವಲ್ಲ, ಮಠದ ಜಮೀನು ಮನೆ. ಸನ್ಯಾಸಿಗಳ ದೊಡ್ಡ ಮಠ ಇಲ್ಲಿಂದ ಮೂರು ಗಂಟೆಯ ದಾರಿ. ಅವರ ಗೋಧಿ, ದ್ರಾಕ್ಷಿ ಎಲ್ಲ ಏಳುನೂರು ವರ್ಷದಿಂದ ಇಲ್ಲಿಗೆ ಬಂದು ಬೀಳುತ್ತದೆ. ಇಲ್ಲಿಯವರು ಇದನ್ನು ಹೋಫ್ ಎನ್ನುತ್ತಾರೆ. ಊರು ಎಂದರೆ ಈ ಹೋಫಿನ ಗೋಡೆಗೆ ಒರಗಿಕೊಂಡು ಬೆಳೆದದ್ದು. ಹಂಪನಕಟ್ಟೆಯಲ್ಲಿ ಒಂದು ಬಸ್ಸಿಗೆ ಎಷ್ಟು ಜನ ಕಾಯುತ್ತಾರೋ ಅಷ್ಟೇ ಜನ ಇಡೀ ಊರಿಗೆ.

ಇಲ್ಲಿ ಒಂದು ಹಳೆಯ ಪದ್ಧತಿ ಉಂಟು. ಬಹಳ ವರ್ಷ ದುಡಿದವರಿಗೆ ಹೆಬ್ಬಾಗಿಲಿನ ಮೇಲಿನ ಮಾಳಿಗೆಯಲ್ಲಿ ಒಂದು ಕೋಣೆ ಕೊಡುತ್ತಾರೆ. ಕೋಣೆಯ ಜೊತೆಗೆ ಸೌದೆ, ರೊಟ್ಟಿ, ಊಟದ ಹೊತ್ತಿಗೆ ಒಂದು ಲೋಟ ವೈನ್, ಸಾಯುವ ತನಕ. ಸತ್ತ ಮೇಲೆ ಗೋಡೆಯ ಬದಿಯಲ್ಲಿ ಆರಡಿ ಜಾಗ. ಈಸ್ಟರಿನಲ್ಲಿ ಒಬ್ಬಳು ಮುದುಕಿ ತೀರಿಹೋದಳು. ಈಗ ಸರದಿ ನನ್ನದು. ನವೆಂಬರ್ ಹನ್ನೊಂದು, ಸಂತ ಮಾರ್ಟಿನ್ನರ ಹಬ್ಬ. ಇಲ್ಲಿಯ ಕರಾರುಗಳೆಲ್ಲ ಮೊದಲಿನಿಂದಲೂ ಅವತ್ತೇ. ಅವತ್ತಿಗೆ ಹೂಂ ಅಥವಾ ಇಲ್ಲ ಎನ್ನಬೇಕು. ಇಲ್ಲ ಎಂದವರನ್ನು ಎರಡನೇ ಸಲ ಕೇಳುವುದಿಲ್ಲ. ಹೂಂ ಎಂದವರು ಹೋಫ್ ಬಿಟ್ಟುಹೋದರೆ ಹಕ್ಕು ಮುಗಿಯಿತು.

ನಾನು ಇಲ್ಲ ಎನ್ನುವವಳಿದ್ದೇನೆ. ಯಾಕೆಂದರೆ ಸೋಮವಾರ ತೆನೆ ಬಂತು.

ಮೇರಿಮಾತೆ ಹುಟ್ಟಿದ ದಿನದ ನಮ್ಮ ಮೊಂತಿ ಹಬ್ಬಕ್ಕೆ ನೀನು ಎಷ್ಟು ಸಲ ನನ್ನೊಟ್ಟಿಗೆ ಹೂವಿನ ಬುಟ್ಟಿ ಹಿಡಿದು ಬಂದಿಲ್ಲ? ಚರ್ಚಿನಿಂದ ತಂದ ಹೊಸ ಭತ್ತದ ತೆನೆಯನ್ನು ಮನೆಯವರೆಲ್ಲ ಹಾಲಿನಲ್ಲಿ ಹಾಕಿ ಕುಡಿಯುವುದು, ದೂರ ಇದ್ದವರ ಪಾಲಿನದನ್ನು ಕವರಿನಲ್ಲಿ ಕಳಿಸುವುದು. ಮನೆಯವಳಲ್ಲ ಎಂದಾದವಳಿಗೆ ಯಾರೂ ತೆನೆ ಕಳಿಸುವುದಿಲ್ಲ. ಅಮ್ಮ ಇರುವಷ್ಟು ಕಾಲ ಕಳಿಸಿದರು. ಅವರು ಹೋದ ಮೇಲೆ ತಮ್ಮ ಪೌಲ್ ಕಳಿಸುತ್ತಿದ್ದಾನೆ. ಒಂದು ವರ್ಷವೂ ತಪ್ಪಿಲ್ಲ. ವಿಳಾಸ ಟೈಪ್ ಮಾಡಿದ್ದು, ಬೈಕಂಪಾಡಿಯ ಆಫೀಸಿನಲ್ಲಿ ಮಾಡಿಸುತ್ತಾನೆ ಎಂದು ಕಾಣುತ್ತದೆ. ಒಳಗೆ ಒಂದು ತೆನೆ ಬಿಟ್ಟು ಒಂದಕ್ಷರವಿಲ್ಲ. ನನ್ನ ಕಾರ್ಡುಗಳಿಗೂ ಉತ್ತರವಿಲ್ಲ. ಸಿಟ್ಟಿನವ, ನಿನಗೆ ಗೊತ್ತಲ್ಲ. ಆದರೆ ಮಾತು ಬಿಟ್ಟ ತಮ್ಮ ವರ್ಷ ವರ್ಷ ತೆನೆ ಕಳಿಸುತ್ತಾನೆಂದರೆ ಮನೆಯಲ್ಲಿ ನನಗೆ ಜಾಗ ಉಂಟು ಎಂದೇ ಅರ್ಥ.

ಒಂದು ಉಪಕಾರ ಮಾಡು. ಜೆಪ್ಪುವಿನ ನಮ್ಮ ಮನೆಗೆ ಹೋಗಿ ಬಾವಿಯ ಬದಿಯ ಆ ಸಣ್ಣ ಕೋಣೆ ಹೇಗೆ ಉಂಟೆಂದು ನೋಡಿ ಬರಿ. ಬರುವ ಸಂಗತಿಯನ್ನು ಪೌಲ್‌ಗೆ ನಾನೇ ಬರೆಯುತ್ತೇನೆ.

ಇಸ್ತ್ರಿ ಪೆಟ್ಟಿಗೆ ತಣಿಯುತ್ತಿದೆ.
ಡುಲ್ಸಿನ್

*

ಕದ್ರಿ, ಮಂಗಳೂರು
5 ಅಕ್ಟೋಬರ್ 1982

ಪ್ರಿಯ ಡುಲ್ಸಿನ್,

ನಿನ್ನ ಕಾಗದ ನಿನ್ನೆ ಬಂತು. ಮೂರು ಸಲ ಓದಿದೆ. ಕನ್ನಡದಲ್ಲಿ ಇಷ್ಟು ಉದ್ದದ ಕಾಗದ ನಾನು ಯಾರಿಗೂ ಬರೆದವಳಲ್ಲ. ಮಕ್ಕಳ ಇಂಗ್ಲಿಷ್ ಪ್ರಬಂಧ ತಿದ್ದಿ ತಿದ್ದಿ, ಯಾವ ವಾಕ್ಯ ಬರೆದರೂ ಅಂಚಿನಲ್ಲಿ ಕೆಂಪು ಶಾಯಿ ಕಾಣುತ್ತದೆ.

ಇಲ್ಲಿ ಎಲ್ಲರೂ ಆರೋಗ್ಯ. ಅಮ್ಮನಿಗೆ ಎಪ್ಪತ್ತನಾಲ್ಕಾಯಿತು. ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿಯುತ್ತಾರೆ, ಇಳಿದ ಕೂಡಲೇ ಕೊಡಹುತ್ತಾರೆ. ನನಗೆ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ ಕೊಟ್ಟಿದ್ದಾರೆ. ಸಂಜೆ ಪಾರ್ಕಿನ ತನಕ ನಡೆದು ಹಿಂದೆ ಬರುತ್ತೇನೆ. ಈಚೆಗೆ ಮನೆಗೆ ಬಂದು ಚಪ್ಪಲಿ ಬಿಟ್ಟವಳು ಮತ್ತೆ ಹಾಕಿಕೊಂಡು ಹೊರಡುವುದುಂಟು. ಎಲ್ಲಿಗೆ ಎಂದು ಅಮ್ಮ ಕೇಳುವಾಗ ಗೇಟು ದಾಟಿರುತ್ತೇನೆ.

ಜೆಪ್ಪುವಿಗೆ ಇನ್ನೂ ಹೋಗಿಲ್ಲ. ಅರ್ಧ ವರ್ಷದ ಪರೀಕ್ಷೆಯ ಗಡಿಬಿಡಿ. ಹೋಗುತ್ತೇನೆ.

ಆ ಮಾಳಿಗೆಯ ಕೋಣೆಯ ವಿಷಯ ಇನ್ನೂ ಸ್ವಲ್ಪ ಬರಿ. ಕಿಟಕಿ ಯಾವ ಕಡೆಗೆ? ಚಳಿಗಾಲದಲ್ಲಿ ಬೆಚ್ಚಗಿರುತ್ತದೆಯೇ? ಅಲ್ಲಿ ಇರುವ ಉಳಿದವರು ಹೇಗೆ? ನೀರು ಮೇಲೆಯೇ ಬರುತ್ತದೋ, ಹೊರಬೇಕೋ? ಇಲ್ಲ ಎನ್ನಲು ಇನ್ನೂ ಒಂದು ತಿಂಗಳಿದೆ. ಅವಸರ ಮಾಡಬೇಡ ಎಂದಷ್ಟೇ ನನ್ನ ಮಾತು.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಏರ್‌ಮೇಲ್ ಹಾಳೆಯಲ್ಲಿ ಜಾಗ ಮುಗಿಯಿತು.

ನಿನ್ನ,
ಶಶಿಪ್ರಭಾ

*

ಲೋರೆನ್‌ಬಾಖ್
14 ಅಕ್ಟೋಬರ್ 1982

ಶಶಿ,

ನಾನು ಕೇಳಿದ್ದು ಒಂದು, ನೀನು ಕೇಳಿದ್ದು ನಾಲ್ಕು. ಹೆಡ್‌ಮಿಸ್ಟ್ರೆಸ್ ಆದಿಯಾ ಹೇಗೆ? ಹಾಳೆಯ ಕೆಳಗೆ ಮೂರು ಬೆರಳು ಜಾಗ ಖಾಲಿ ಬಿಟ್ಟು ಜಾಗ ಮುಗಿಯಿತು ಎನ್ನುತ್ತೀ. ಎಂತ ಮಾರಾಯ್ತಿ ನಿನ್ನ ಕತೆ?

ಇರಲಿ, ಉತ್ತರ ಬರೆಯುತ್ತೇನೆ. ಕಿಟಕಿ ಒಳಗಿನ ಅಂಗಳಕ್ಕೆ. ಎದುರಿಗೆ ನಾಲ್ಕು ಮಾಳಿಗೆಯ ಗೋಧಿ ಕಣಜ, ಕಿಟಕಿಗಳೆಲ್ಲ ನಮ್ಮ ಅಂಚೆ ಪೆಟ್ಟಿಗೆಯ ಬಾಯಿಯಷ್ಟು ಸಣ್ಣದು. ಎಡಕ್ಕೆ ದ್ರಾಕ್ಷಿ ಹಿಂಡುವ ಕೊಟ್ಟಿಗೆ. ಅಲ್ಲಿಯ ಮರದ ಗಾಣವನ್ನು ಈಗ ಯಾರೂ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಬಸ್ಸಿನಲ್ಲಿ ಬಂದವರು ಫೋಟೋ ಹೊಡೆಯುತ್ತಾರೆ. ಬಲಕ್ಕೆ ಚಾಪೆಲ್. ಮೊದಲು ಇಲ್ಲಿ ಹನ್ನೆರಡು ಜನ ಸನ್ಯಾಸಿಗಳು ಇರುತ್ತಿದ್ದರಂತೆ, ಈಗ ಒಬ್ಬರೇ ಫಾದರ್, ಅವರಿಗೂ ಕಿವಿ ಕೇಳುವುದಿಲ್ಲ. ನೀರು ಮೇಲೆಯೇ ಬರುತ್ತದೆ. ಪಕ್ಕದ ಕೋಣೆಯ ಯೋಸೆಫ್ ನಲವತ್ತು ವರ್ಷ ಇಲ್ಲಿಯ ದನ ನೋಡಿಕೊಂಡವನು. ನಾನು ಬೇಡ ಎನ್ನುವೆನೆಂದು ಅವನಿಗೆ ಹೇಗೋ ವಾಸನೆ ಹೊಡೆದಿದೆ. "ನಿನ್ನ ಪಾಲಿನ ವೈನ್ ನನಗೆ ಬರೆದುಕೊಟ್ಟು ಹೋಗು" ಎಂದು ದಿನಕ್ಕೆರಡು ಸಲ ಹೇಳುತ್ತಾನೆ.

ಹತ್ತು ದಿನದ ಹಿಂದೆ ಇಲ್ಲಿಯ ಸುಗ್ಗಿಯ ಪೂಜೆ ಆಯಿತು. ಗೋಧಿ, ಬಾರ್ಲಿಯ ತೆನೆಗಳನ್ನು ಕಟ್ಟಿ ಒಂದು ದೊಡ್ಡ ಕಿರೀಟ ಮಾಡುತ್ತಾರೆ, ಇಬ್ಬರು ಹೊರುವಷ್ಟು. ಫಾದರ್ ಅದಕ್ಕೆ ತೀರ್ಥ ಹಾಕಿದ ಮೇಲೆ ಚಾಪೆಲಿನ ನಡುವೆ ತೂಗುಹಾಕುತ್ತಾರೆ. ಕಟ್ಟುವವರಲ್ಲಿ ನಾನೂ ಒಬ್ಬಳು. ಯಾರಿಗೂ ಹೇಳಬೇಡ: ಪೌಲ್ ಕಳಿಸಿದ ತೆನೆಯಿಂದ ನಾಲ್ಕು ಕಾಳು ಹಾಲಿಗೆ ಹಾಕಿ ಕುಡಿದು, ಉಳಿದದ್ದನ್ನು ವರ್ಷ ವರ್ಷ ಆ ಕಿರೀಟದ ಒಳಗೆ ಸೇರಿಸುತ್ತೇನೆ. ಅಷ್ಟು ಗೋಧಿಯ ನಡುವೆ ಒಂದು ಭತ್ತ. ಅದು ಎಲ್ಲಿ ಉಂಟೆಂದು ಪೂಜೆಯ ಹೊತ್ತಿಗೆ ನನಗೊಬ್ಬಳಿಗೇ ಗೊತ್ತಿರುತ್ತದೆ. ನಾನು ಈ ಊರಿನವಳಲ್ಲ, ಜೆಪ್ಪುವಿನವಳು ಎಂದು ಆಗ ಅನಿಸುತ್ತದೆ.

ಮ್ಯಾನೇಜರಿಗೆ ಮಾರ್ಟಿನ್ ಹಬ್ಬದ ದಿನ ಹೇಳುತ್ತೇನೆ. ಏನು ಹೇಳಬೇಕೆಂದು ಜರ್ಮನ್‌ನಲ್ಲಿ ಬಾಯಿಪಾಠ ಮಾಡಿಟ್ಟಿದ್ದೇನೆ. ಫೆಬ್ರವರಿಯಲ್ಲಿ ಊರಿನಲ್ಲಿರುತ್ತೇನೆ. ನಿನ್ನೊಟ್ಟಿಗೆ ಬಂದರಿನ ಕಡೆಗೆ ನಡೆದುಹೋಗಬೇಕು, ಬಾಯಿ ನೋಯುವಷ್ಟು ತುಳು ಮಾತಾಡಬೇಕು. ಶಾಲೆಯ ಸಿಸ್ಟರ್ ಅದಕ್ಕೆ ಈಗ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಲಿಕ್ಕಿಲ್ಲ.

ಜೆಪ್ಪುವಿಗೆ ಹೋಗಿ ಬಾ. ಇದನ್ನು ಮೂರನೇ ಸಲ ಹೇಳಿಸಬೇಡ.

ಗಂಟು ಕಟ್ಟಲು ಶುರು ಮಾಡಿದವಳು,
ಡುಲ್ಸಿನ್

*

ಕದ್ರಿ
26 ಅಕ್ಟೋಬರ್ 1982, ಮಂಗಳವಾರ

ಡುಲ್ಸಿನ್,

ಈ ಕಾಗದಕ್ಕೆ ಮೊದಲು ನಿನಗೆ ನನ್ನ ತಂತಿ ಸಿಕ್ಕಿರಬೇಕು. "ಕೋಣೆ ಬೇಡ ಎನ್ನಬೇಡ, ಕಾಗದ ಬರುತ್ತಿದೆ" ಎಂದು ಇಂಗ್ಲಿಷಿನಲ್ಲಿ ಕೊಟ್ಟೆ. ಕೌಂಟರಿನಲ್ಲಿದ್ದವನು ಓದಿ, "ಲಾಡ್ಜಿನ ಬುಕಿಂಗಾ ಮೇಡಂ?" ಎಂದು ಕೇಳಿದ. ಹೌದು ಎಂದೆ.

ಮೊನ್ನೆ ಆದಿತ್ಯವಾರ ಜೆಪ್ಪುವಿಗೆ ಹೋಗಿದ್ದೆ. ಬಾವಿಯ ಬದಿಯ ಕೋಣೆ ಈಗಿಲ್ಲ. ಆ ಜಾಗಕ್ಕೆ ಶೀಟು ಹಾಕಿ ಪೌಲ್ ಸ್ಕೂಟರ್ ನಿಲ್ಲಿಸುತ್ತಾನೆ. ನಾನು ಹೋದಾಗ ಅವನು ಅದರ ಅಡಿಯಲ್ಲೇ ಕೂತಿದ್ದ.

"ಶಶಿಯಕ್ಕನಾ? ದಾರಿ ತಪ್ಪಿ ಬಂದದ್ದಾ?" ಎಂದ.

"ಕೂತ್ಕೊಳ್ಳಿ ಟೀಚರ್," ಎಂದು ಅವನ ಹೆಂಡತಿ ಸೆವ್ರಿನ್ ಕುರ್ಚಿ ತಂದಿಟ್ಟಳು. "ಇವರ ಕೈ ಪೂರ ಗ್ರೀಸು. ಇವತ್ತು ಮಾತೂ ಹಾಗೇ ಉಂಟು."

ಉತ್ತರ ಗೊತ್ತಿದ್ದೂ ಕೇಳಿದೆ, "ಈ ಸಲ ಡುಲ್ಸಿನ್‌ಗೆ ತೆನೆ ಕಳಿಸಿದಿಯಾ ಪೌಲ್?"

"ಯಾರಿಗೆ?" ಅವನು ಸ್ಪಾನರ್ ಕೆಳಗಿಟ್ಟ. "ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ ತರುವುದು. ನಾವು ಐದು ಜನ, ಐದು ತೆನೆ."

"ಅಮ್ಮ ಒಂದು ಹೆಚ್ಚು ತರ್ತಿದ್ರು ಅಂತ ನೀವೇ ಹೇಳಿದ್ದಲ್ಲ," ಎಂದಳು ಸೆವ್ರಿನ್.

"ಅಮ್ಮ ಇರುವಾಗ ಎಂತೆಂತದೋ ಇತ್ತು."

ಅವಳಿಗೆ ಈಗಲೂ ವರ್ಷ ವರ್ಷ ತೆನೆ ಹೋಗುತ್ತಿದೆ, ನೀನೇ ಕಳಿಸುವುದೆಂದು ಅವಳು ತಿಳಿದಿದ್ದಾಳೆ ಎಂದೆ. ಕಳಿಸುವವರು ಯಾರು ಎಂದು ಕೇಳಿದ. ನಾನು ಎಂದೆ.

ಹೌದು ಡುಲ್ಸಿನ್. ನಾನು.

ಎಪ್ಪತ್ತೊಂದರ ಸೆಪ್ಟೆಂಬರಿನಲ್ಲಿ ನಿನ್ನ ಅಮ್ಮ ಅಪೊಲಿನ್ ಬಾಯಿ ಹಾಸಿಗೆ ಹಿಡಿದಿದ್ದರು. ನೋಡಲು ಹೋದವಳ ಕೈಯಲ್ಲಿ ಕವರ್ ಕೊಟ್ಟು, "ಪೌಲ್ ಪೋಸ್ಟ್ ಮಾಡ್ಲಿಕ್ಕಿಲ್ಲ ಮಗಾ, ನೀನು ಹಾಕು," ಎಂದರು. ಹಾಕಿದೆ. ಜನವರಿಯಲ್ಲಿ ಅವರು ಹೋದರು. ಆ ವರ್ಷ ನಮ್ಮ ಮನೆಯಲ್ಲಿ ತೆನೆ ಕಟ್ಟುವ ದಿನ, ಲೋರೆನ್‌ಬಾಖಿಗೆ ಈ ಸಲ ಏನೂ ಹೋಗುವುದಿಲ್ಲವಲ್ಲ ಎಂದು ನೆನಪಾಯಿತು. ನಿನ್ನನ್ನು ನೋಯಿಸಬಾರದೆಂದು ಮಾಡಿದೆ ಎಂದರೆ ಸುಲಭ. ಒಂದು ವರ್ಷದ ಮಟ್ಟಿಗೆ ಅದು ನಿಜವೂ ಇರಬಹುದು. ಎರಡನೇ ವರ್ಷ ನಿಲ್ಲಿಸಿದರೆ ನಿನಗೆ ಏನನಿಸೀತು ಎಂಬ ಹೆದರಿಕೆ. ಆಮೇಲೆ ಅಭ್ಯಾಸ. ಶಾಲೆಯ ಟೈಪ್‌ರೈಟರಿನಲ್ಲಿ ವಿಳಾಸ ಹೊಡೆದೆ, ನನ್ನ ಅಕ್ಷರ ನಿನಗೆ ಗುರುತು ಸಿಗಬಾರದೆಂದು. ಇಷ್ಟು ಜಾಗ್ರತೆ ಮಾಡಿದವಳು ಒಳ್ಳೆಯ ಮನಸ್ಸಿನಿಂದಷ್ಟೇ ಮಾಡಿದಳೆಂದು ನನಗೇ ನಂಬಿಕೆ ಬರುವುದಿಲ್ಲ.

ಇನ್ನೊಂದು ಉಂಟು. ಅದು ನಿಮ್ಮ ಚರ್ಚಿನ ತೆನೆಯೂ ಅಲ್ಲ. ಚೌತಿಯ ಸುಮಾರಿಗೆ ನಮ್ಮಲ್ಲಿ ಹೊಸ ತೆನೆಯನ್ನು ಮಾವಿನೆಲೆ, ಹಲಸಿನೆಲೆಯ ಜೊತೆ ಸೇರಿಸಿ ಬಾಗಿಲಿಗೆ, ಬಾವಿಯ ರಾಟೆಗೆ, ಅಕ್ಕಿ ಪೆಟ್ಟಿಗೆಗೆ ಕಟ್ಟುವುದನ್ನು ನೀನು ನೋಡಿದ್ದೀ. ಗದ್ದೆ ಕೈಬಿಟ್ಟ ಮೇಲೂ ಹಳೆಯ ಒಕ್ಕಲು ಅಣ್ಣು ಒಂದು ಹಿಡಿ ತಂದುಕೊಡುತ್ತಾನೆ. ಅಮ್ಮ ಅಕ್ಕಿ ಪೆಟ್ಟಿಗೆಗೆ ಕಟ್ಟಿದ್ದನ್ನು ನಾನು ಬಿಚ್ಚಿಕೊಳ್ಳುತ್ತಿದ್ದೆ. ಚೌತಿ ಬೇಗ ಬಂದ ವರ್ಷ ಡಿಕ್ಷನರಿಯ ನಡುವೆ ಇಟ್ಟು ನಿಮ್ಮ ಹಬ್ಬದ ತನಕ ಕಾಯುತ್ತಿದ್ದೆ. "ಅಕ್ಕಿ ಪೆಟ್ಟಿಗೆಯದ್ದೇ ಹೋಗುವುದು ನೋಡು, ಇಲಿಗೆ ಎಂತ ಬುದ್ಧಿ," ಎಂದು ಅಮ್ಮ ಪ್ರತಿ ವರ್ಷ ಬೈಯುತ್ತಾರೆ.

ಇದನ್ನೂ ಪೌಲ್‌ಗೆ ಹೇಳಿದೆ.

"ಅಂದ್ರೆ ಆ ಮಠದಲ್ಲಿ ಕೂತು ಹನ್ನೊಂದು ವರ್ಷ ಅವಳು ಶೆಟ್ಟರ ಮನೆಯ ತೆನೆ ತಿಂದಳಾ?"

ಸೆವ್ರಿನ್ ಮುಖ ಆಚೆ ತಿರುಗಿಸಿ ನಕ್ಕಳು. ಪೌಲ್ ನಗಲಿಲ್ಲ. ನೀನು ಊರಿಗೆ ಬರುವವಳಿದ್ದೀ ಎಂದೆ.

"ಬರ್ತೇನೆ ಅಂತಾಳಾ? ಬರ್ಲಿ. ಊರಲ್ಲಿ ಬೇಕಾದಷ್ಟು ಲಾಡ್ಜ್ ಉಂಟು. ನನ್ನ ಮದುವೆ ಎರಡು ಸಲ ನಿಶ್ಚಯ ಆಗಿ ತಪ್ಪಿತು ಶಶಿಯಕ್ಕ, ಕಾನ್ವೆಂಟ್ ಬಿಟ್ಟು ಓಡಿದವಳ ತಮ್ಮ ಅಂತ. ಅದು ಅವಳಿಗೆ ಗೊತ್ತುಂಟಾ?"

"ತಪ್ಪಿದ್ದಕ್ಕೇ ನಾನು ಸಿಕ್ಕಿದ್ದು. ಅದನ್ನೂ ಹೇಳಿ," ಎಂದಳು ಸೆವ್ರಿನ್.

ಅವನು ಮತ್ತೆ ಸ್ಪಾನರ್ ಎತ್ತಿಕೊಂಡ. ನಾನು ಎದ್ದು ಬಂದೆ.

ನಿನ್ನ ಮೊದಲ ಕಾಗದ ಬಂದ ದಿನವೇ ಇದನ್ನು ಬರೆಯಬೇಕಿತ್ತು. ಯಾಕೆ ಬರೆಯಲಿಲ್ಲ? ಮೂರು ವಾರ ಇದೇ ಪ್ರಶ್ನೆ ಹಿಡಿದುಕೊಂಡು ಕದ್ರಿ ಗುಡ್ಡ ಹತ್ತಿ ಇಳಿದೆ. ನಾಚಿಕೆಯಿಂದ ಎಂದುಕೊಂಡಿದ್ದೆ. ಅದಲ್ಲ. ಬರೆಯದಿದ್ದರೆ ನೀನು ಕೋಣೆ ಬೇಡ ಎನ್ನುತ್ತಿದ್ದೆ, ಊರಿಗೆ ಬರುತ್ತಿದ್ದೆ. ಬಂದ ಮೇಲೆ ಪೌಲ್ ಸೇರಿಸದಿದ್ದರೂ ನನ್ನ ಮನೆಗೆ ಬರುತ್ತಿದ್ದೆ. ನನಗೆ ಅದೇ ಬೇಕಿತ್ತು. ನಲವತ್ತೆರಡು ವರ್ಷವಾಯಿತು, ನಾನು ಎಲ್ಲಿಗೂ ಹೋದವಳಲ್ಲ, ಎದುರು ಕೂತು ಮಾತಾಡಲು ನನಗೊಬ್ಬರು ಬೇಕಿತ್ತು. ಅದಕ್ಕಾಗಿ ನಿನ್ನ ರೊಟ್ಟಿ, ಸೌದೆ, ಆರಡಿ ಜಾಗವನ್ನು ಕಳೆಯಲು ಮೂರು ವಾರ ಸುಮ್ಮನೆ ಕೂತೆ. ಇದನ್ನು ನೀನು ತಿಳಿದಿರಬೇಕು.

ನನ್ನ ಮನೆಯ ಬಾಗಿಲು ನಿನಗೆ ಯಾವತ್ತೂ ತೆರೆದಿದೆ. ಆದರೆ ಅದನ್ನು ತಿಳಿದು ನಿರ್ಧಾರ ಮಾಡು. ಇನ್ನೊಬ್ಬರ ಹೆಸರಿನಲ್ಲಿ ಬಂದ ತೆನೆ ನೋಡಿ ಮಾಡಬೇಡ.

ಕ್ಷಮೆ ಕೇಳುವ ಧೈರ್ಯವಿಲ್ಲದ,
ಶಶಿಪ್ರಭಾ

*

ಕದ್ರಿ
28 ನವೆಂಬರ್ 1982

ಡುಲ್ಸಿನ್,

ತಂತಿ ತಲುಪಿತೋ ಇಲ್ಲವೋ ಎಂಬ ಒಂದು ಸಾಲು ಸಾಕು. ಬೈದು ಬರೆದರೂ ಆದೀತು.

ಹನ್ನೊಂದನೆಯ ತಾರೀಕು ಇಡೀ ದಿನ ಪಾಠ ಮಾಡಿದೆ. ಏನು ಪಾಠ ಮಾಡಿದೆನೆಂದು ಗೊತ್ತಿಲ್ಲ. ನಿಮ್ಮಲ್ಲಿ ಈಗ ಬೆಳಗಾಯಿತು, ಈಗ ಅವಳು ಅಂಗಳ ದಾಟುತ್ತಿರಬಹುದು ಎಂದು ಗಡಿಯಾರ ನೋಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಟೀಚರ್, ಇದೇ ಪದ್ಯ ನಿನ್ನೆ ಆಯ್ತು," ಎಂದಳು.

ಶಶಿ

*

ಕದ್ರಿ
9 ಜನವರಿ 1983

ಡುಲ್ಸಿನ್,

ಈ ಸಲ ನಿನ್ನ ಕ್ರಿಸ್ಮಸ್ ಕಾರ್ಡ್ ಬರಲಿಲ್ಲ. ನನಗೆ ಬರದಿದ್ದುದು ನ್ಯಾಯ.

ನಿನ್ನೆ ಸ್ಟೇಟ್ ಬ್ಯಾಂಕಿನ ಹತ್ತಿರ ಬಸ್ಸಿಗೆ ಕಾಯುವಾಗ ಪೌಲ್ ಎದುರಾದ. ಸ್ಕೂಟರ್ ನಿಲ್ಲಿಸಿದ, ಇಂಜಿನ್ ನಿಲ್ಲಿಸಲಿಲ್ಲ. "ಕಾರ್ಡ್ ಬರಲಿಲ್ಲ ಈ ಸಲ," ಎಂದ. ಹದಿನೆಂಟು ವರ್ಷ ಉತ್ತರ ಬರೆಯದವನಿಗೆ ಕಾರ್ಡು ಯಾಕೆ ಎಂದು ನಾನು ಕೇಳಬಹುದಿತ್ತು. "ನನಗೂ ಬಂದಿಲ್ಲ" ಎಂದೆ. "ಅವಳಿಗೆ ಎಂತಾದ್ರೂ ಆಯ್ತಾ?" ಎಂದ. ಗೊತ್ತಿಲ್ಲ ಎಂದೆ. ಸೆವ್ರಿನ್ ಪ್ರತಿ ವರ್ಷ ಗೋದಲಿಯ ಹಿಂದೆ ನಿನ್ನ ಕಾರ್ಡು ಇಡುತ್ತಾಳಂತೆ, ಈ ಸಲ ಆ ಜಾಗ ಖಾಲಿಯಂತೆ. ಅದನ್ನು ಅವಳು ಹೇಳಿದ್ದು ಎಂದು ಎರಡು ಸಲ ಹೇಳಿ ಹೋದ.

ನಾನು ಪೋಸ್ಟ್‌ಮ್ಯಾನಿನ ಹತ್ತಿರ ಕೇಳುವುದನ್ನು ಬಿಟ್ಟಿದ್ದೇನೆ. ಪಾಪ, ಗೇಟಿನ ಹತ್ತಿರ ಬರುವಾಗಲೇ ಅವನು ತಲೆ ಅಲ್ಲಾಡಿಸುತ್ತಾನೆ.

ಶಶಿ

*

ಲೋರೆನ್‌ಬಾಖ್
2 ಫೆಬ್ರವರಿ 1983

ಶಶಿಪ್ರಭಾ,

ಹಿಂದಿನ ಕಾಲದಲ್ಲಿ ಇಲ್ಲಿಯ ಕೂಲಿಯವರು ಒಬ್ಬ ಯಜಮಾನನನ್ನು ಬಿಟ್ಟು ಇನ್ನೊಬ್ಬನ ಕಡೆಗೆ ಹೋಗುವ ದಿನ ಇವತ್ತು. ಯೋಸೆಫ್ ಹೇಳಿದ. ಹಾಗಾದರೆ ಇವತ್ತೇ ಬರೆಯುವ ಎಂದುಕೊಂಡೆ.

ನಿನ್ನ ತಂತಿ ಅಕ್ಟೋಬರ್ 28ಕ್ಕೆ ಬಂತು. ಕಾಗದ ನವೆಂಬರ್ 6ಕ್ಕೆ. ಇಸ್ತ್ರಿ ಕೋಣೆಯಲ್ಲಿ ನಿಂತೇ ಓದಿದೆ. ಫಾದರರ ಒಂದು ನಿಲುವಂಗಿ ಸುಟ್ಟುಹೋಯಿತು, ಅದು ನಿನ್ನ ತಲೆಯ ಮೇಲೆ ಇರಲಿ.

ಅವತ್ತು ರಾತ್ರಿ ಚಾಪೆಲಿನ ಬೀಗ ತೆಗೆದು, ಏಣಿ ಇಟ್ಟು, ಕಿರೀಟದಿಂದ ನಿನ್ನ ತೆನೆಯನ್ನು ಕಿತ್ತು ಬಿಸಾಡಬೇಕೆಂದು ಹತ್ತಿದೆ. ಸಿಗಲಿಲ್ಲ. ಎಲ್ಲಿ ಉಂಟೆಂದು ನನಗೊಬ್ಬಳಿಗೇ ಗೊತ್ತಿರುತ್ತದೆ ಎಂದು ಬರೆದಿದ್ದೆನಲ್ಲ, ಅದೂ ನನ್ನ ಜಂಬ. ಒಣಗಿದ ಮೇಲೆ ಗೋಧಿಯೂ ಭತ್ತವೂ ಒಂದೇ ಬಣ್ಣ. ಏಣಿಯ ಮೇಲೆ ಅಷ್ಟು ಹೊತ್ತು ಹುಡುಕುತ್ತಾ, ಹನ್ನೊಂದು ಸಲ ಫಾದರ್ ತೀರ್ಥ ಹಾಕಿದ್ದು ಕದ್ರಿಯ ಇಲಿ ಕದ್ದ ತೆನೆಗೆ ಎಂದು ನೆನಪಾಗಿ ನಗು ಬಂತು. ನಕ್ಕಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಹನ್ನೊಂದನೆಯ ತಾರೀಕು ಬೆಳಿಗ್ಗೆ ಸಹಿ ಹಾಕಿದೆ. ಬಾಯಿಪಾಠ ಮಾಡಿಟ್ಟ ಮಾತು ಯಾವುದೂ ಬೇಕಾಗಲಿಲ್ಲ, ಹೂಂ ಎನ್ನಲು ಒಂದೇ ಶಬ್ದ. ಅರ್ಜಿಯ ಕೊನೆಯಲ್ಲಿ ಒಂದು ಸಾಲು ಉಂಟು: ತೀರಿಹೋದರೆ ಯಾರಿಗೆ ತಿಳಿಸಬೇಕು. ಪೌಲ್ ಎಂದು ಬರೆಯಲು ಪೆನ್ನು ಇಟ್ಟು ಎತ್ತಿದೆ. ನಿನ್ನ ಹೆಸರು ಬರೆಯಲು ಮನಸ್ಸು ಬರಲಿಲ್ಲ. ಖಾಲಿ ಬಿಟ್ಟೆ. ಮ್ಯಾನೇಜರ್ ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ, ಆಮೇಲೆ ತುಂಬಿಸಿ ಎಂದ.

ನಿನ್ನ ಮೇಲೆ ನನಗೆ ಸಿಟ್ಟು ಯಾಕೆಂದು ನೀನು ತಿಳಿದುಕೊಂಡದ್ದು ಸರಿಯಲ್ಲ. ಮೂರು ವಾರ ಸುಮ್ಮನೆ ಕೂತದ್ದಕ್ಕಲ್ಲ. ನಾನು ಬರಬೇಕೆಂದು ಒಬ್ಬರಿಗಾದರೂ ಆಸೆ ಇತ್ತಲ್ಲ, ಅದನ್ನು ಓದಿ ಬೇಸರವಾಗಲಿಲ್ಲ. ಸಿಟ್ಟು ಹನ್ನೊಂದು ವರ್ಷಕ್ಕೆ. ಆ ಕವರ್ ಬರದೇ ಇದ್ದಿದ್ದರೆ ಎಪ್ಪತ್ತೆರಡರಲ್ಲೇ ಜೆಪ್ಪು ಮುಗಿಯಿತು ಎಂದು ತಿಳಿದು ಒಂದು ತಿಂಗಳು ಅತ್ತು, ಈ ಊರಿನಲ್ಲಿ ಬದುಕಲು ಕಲಿಯುತ್ತಿದ್ದೆ. ನೀನು ಕಲಿಯಲು ಬಿಡಲಿಲ್ಲ. ಮೂಟೆ ಕಟ್ಟಿಟ್ಟು ಬಸ್ಸಿಗೆ ಕಾಯುವವಳ ಹಾಗೆ ಕೂರಿಸಿದಿ.

ಇನ್ನು ತೆನೆ ಕಳಿಸಬೇಡ.

ಮಾಳಿಗೆಗೆ ಬಂದು ಮೂರು ತಿಂಗಳಾಯಿತು. ಬೆಚ್ಚಗಿದೆ. ನಿನ್ನ ನಾಲ್ಕು ಪ್ರಶ್ನೆಗಳಲ್ಲಿ ಉತ್ತರ ಬಾಕಿ ಇದ್ದದ್ದು ಅದೊಂದೇ.

ಡುಲ್ಸಿನ್

*

ಕದ್ರಿ
18 ಸೆಪ್ಟೆಂಬರ್ 1983

ಪ್ರಿಯ ಡುಲ್ಸಿನ್,

ಏಳು ತಿಂಗಳು ನಿನಗೆ ಬರೆಯಲಿಲ್ಲ. ಬರೆದದ್ದನ್ನು ಹರಿದೆ. ನೀನು ಹೇಳಿದ್ದು ನಿಜ ಎಂದು ಬರೆದರೆ ವಿಧೇಯ ವಿದ್ಯಾರ್ಥಿನಿಯ ಹಾಗೆ ಕಾಣುತ್ತಿತ್ತು, ಸಮಾಧಾನ ಹೇಳುವ ಹಕ್ಕು ನನಗಿರಲಿಲ್ಲ.

ಈ ಸಲ ತೆನೆ ಕಳಿಸಿಲ್ಲ. ಚೌತಿ ಹತ್ತನೆಯ ತಾರೀಕಿಗಿತ್ತು. ಅಮ್ಮ ಎಂದಿನ ಹಾಗೆ ಬಾಗಿಲಿಗೆ, ರಾಟೆಗೆ, ಅಕ್ಕಿ ಪೆಟ್ಟಿಗೆಗೆ ಕಟ್ಟಿದರು. ನಾಲ್ಕು ದಿನ ಕಳೆದು ಅಕ್ಕಿ ತೆಗೆಯಲು ಹೋದವರು ಪೆಟ್ಟಿಗೆಯ ಮುಂದೆ ನಿಂತು, "ಈ ವರ್ಷ ಇಲಿ ಬರ್ಲಿಲ್ಲ ಅಲ್ಲ?" ಎಂದರು. ನಾನು ಮಕ್ಕಳ ಪ್ರಬಂಧದ ಪುಸ್ತಕ ತೆರೆದೆ. "ಎಂತ, ಜಗಳವಾ?" ಎಂದು ಕೇಳಿ, ಅಕ್ಕಿ ಅಳೆದುಕೊಂಡು ಒಳಗೆ ಹೋದರು. ಎಷ್ಟು ವರ್ಷದಿಂದ ಅವರಿಗೆ ಗೊತ್ತಿತ್ತೋ, ಕೇಳುವ ಧೈರ್ಯ ನನಗಿಲ್ಲ.

ಆದರೆ ಈ ಕಾಗದ ಅದಕ್ಕಲ್ಲ. ನಿಮ್ಮ ಹಬ್ಬವಾಗಿ ಎರಡನೆಯ ದಿನ, ನಮ್ಮಲ್ಲಿ ತೆನೆ ಕಟ್ಟುತ್ತಿರುವಾಗಲೇ ಪೌಲ್ ಬಂದ. ಒಳಗೆ ಬರಲಿಲ್ಲ. ಗೇಟಿನಲ್ಲೇ ಕಿಸೆಯಿಂದ ಒಂದು ಕವರ್ ತೆಗೆದ. ವಿಳಾಸ ಅವನದೇ ಅಕ್ಷರದಲ್ಲಿತ್ತು. ನಿನ್ನ ಹಳೆಯ ಕಾರ್ಡು ನೋಡಿ ಬರೆದದ್ದಿರಬೇಕು, ಲೋರೆನ್‌ಬಾಖಿನಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು.

"ಈ ಸಲ ಆರು ತಂದದ್ದು," ಎಂದ. "ಸೆವ್ರಿನ್ ಹೇಳಿದ್ದು. ನಾನಲ್ಲ."

"ನೀನೇ ಪೋಸ್ಟ್ ಮಾಡಬಹುದಿತ್ತಲ್ಲ ಪೌಲ್."

"ನೀವೇ ಹಾಕಿ ಶಶಿಯಕ್ಕ. ನಿಮಗೆ ಅಭ್ಯಾಸ ಉಂಟಲ್ಲ."

ಹೋಗುವಾಗ ಸ್ಕೂಟರ್ ಹತ್ತಿ ಮತ್ತೆ ಇಳಿದು ಬಂದ. "ಬರ್ಲಿಕ್ಕೆ ಹೇಳಿದ್ದಲ್ಲ, ಆಯ್ತಾ. ಅವಳಿಗೆ ಅಲ್ಲಿ ಕೋಣೆ ಸಿಕ್ಕಿದ್ದು ಒಳ್ಳೆದಾಯ್ತು. ಇದು ಸುಮ್ಮನೆ."

ಬಿಟ್ಟುಹೋದ ಅಕ್ಷರವನ್ನು ಸೇರಿಸದೆ ನಾನು ಹಾಗೇ ಪೋಸ್ಟ್ ಮಾಡಿದೆ. ಅವನ ಕವರಿಗೆ ನನ್ನ ಪೆನ್ನು ತಾಗಬಾರದು ಅನಿಸಿತು. ಆಮೇಲೆ ಎರಡು ದಿನ, ಆ ಒಂದಕ್ಷರದಿಂದಾಗಿ ಅದು ಎಲ್ಲಾದರೂ ತಪ್ಪಿಹೋದರೆ ಎಂದು ತಳಮಳ. ಹೋಗಿ ಪೋಸ್ಟಾಫೀಸಿನಲ್ಲಿ ಕೇಳಿದೆ. "ಹೋಗ್ತದೆ ಮೇಡಂ, ದೇಶದ ಹೆಸರು ಸರಿ ಉಂಟಲ್ಲ," ಎಂದರು. ನನಗೆ ಸಮಾಧಾನವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅದು ತಲುಪದಿದ್ದರೂ, ಪೌಲ್ ಕಳಿಸಿದ್ದು ಹೌದು. ಇದೊಂದು ವಿಷಯದಲ್ಲಿ ನನ್ನನ್ನು ನಂಬು.

ಇಲ್ಲಿಗೇ ನಿಲ್ಲಿಸುವ,
ಶಶಿಪ್ರಭಾ

*

ಲೋರೆನ್‌ಬಾಖ್
9 ಅಕ್ಟೋಬರ್ 1983

ಶಶಿ,

ಪೌಲ್‌ನ ಕವರ್ ಬಂತು. ಅಕ್ಷರ ಬಿಟ್ಟದ್ದರಿಂದ ಬೇರೆ ಯಾವುದೋ ಊರಿಗೆ ಹೋಗಿ, ಅಲ್ಲಿಯ ಪೋಸ್ಟ್‌ಮಾಸ್ತರ ಪೆನ್ಸಿಲಿನಲ್ಲಿ ತಿದ್ದಿ ಕಳಿಸಿದ್ದು. ಒಳಗೆ ತೆನೆಯೊಟ್ಟಿಗೆ ಒಂದು ಚೀಟಿ: "ಅಮ್ಮನ ಸಮಾಧಿಗೆ ಸುಣ್ಣ ಹೊಡೆದಾಯ್ತು." ಅಷ್ಟೆ. ಹದಿನೆಂಟು ವರ್ಷಕ್ಕೆ ನಾಲ್ಕು ಶಬ್ದ. ನಾನು ಎಷ್ಟು ಸಲ ಓದಿದೆನೆಂದು ನಿನಗೆ ಹೇಳುವುದಿಲ್ಲ.

ನಾಲ್ಕು ಕಾಳು ಹಾಲಿಗೆ ಹಾಕಿ ಕುಡಿದೆ. ಯೋಸೆಫ್‌ಗೂ ಎರಡು ಕೊಟ್ಟೆ. ಕಲ್ಲು ಎಂದು ಉಗುಳಿದ. ಉಳಿದದ್ದನ್ನು ಕಿರೀಟಕ್ಕೆ ಕಟ್ಟಿದೆ. ಈ ಸಲ ಒಳಗೆ ಅಡಗಿಸಲಿಲ್ಲ, ಮುಂದೆಯೇ ಕಟ್ಟಿದೆ. ಇದೇನು ಎಂದು ಫಾದರ್ ಕೇಳಿದರು. ನಮ್ಮ ಮನೆಯದ್ದು ಎಂದು ಅವರ ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು. ಇಡೀ ಚಾಪೆಲ್ ತಿರುಗಿ ನೋಡಿತು.

ಅರ್ಜಿಯ ಖಾಲಿ ಸಾಲನ್ನೂ ತುಂಬಿಸಿ ಬಂದೆ. ಎರಡು ಹೆಸರು ಹೇಳಿದ್ದಕ್ಕೆ, ಇರುವುದು ಒಂದೇ ಸಾಲು ಎಂದ ಮ್ಯಾನೇಜರ್. ಸಣ್ಣಕ್ಕೆ ಬರೆದೆ.

ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಬೈಯುವುದು ಬಹಳ ಬಾಕಿ ಉಂಟು. ಅದಕ್ಕೆ ತುಳುವೇ ಆಗಬೇಕು, ತುಳುವನ್ನು ಕಾಗದದಲ್ಲಿ ಬರೆಯಲು ನಮಗೆ ಯಾರೂ ಕಲಿಸಲಿಲ್ಲ.

ಒಂದು ಮಾತು ಕೇಳುತ್ತೇನೆ. ತೆನೆ ಕಳಿಸಬೇಡ ಎಂದದ್ದು ಪೌಲ್‌ನ ಹೆಸರಿನಲ್ಲಿ ಕಳಿಸಬೇಡ ಎಂದು. ಇಷ್ಟು ಓದಿದವಳಿಗೆ ಅಷ್ಟು ತಿಳಿಯದಾ? ಕವರಿನ ಮೇಲೆ ನಿನ್ನ ಕೈಯಿಂದಲೇ ವಿಳಾಸ ಬರಿ, ಹಿಂದೆ ನಿನ್ನ ಹೆಸರು ಹಾಕು. ಅಕ್ಕಿ ಪೆಟ್ಟಿಗೆಯದ್ದೇ ಆಗಬೇಕು. ನಿನ್ನ ಅಮ್ಮನ ಹತ್ತಿರ ಕೇಳಿ ಬಿಚ್ಚು.

ತಡವಾಯಿತೆಂದು ಸುಮ್ಮನೆ ಕೂರಬೇಡ. ಕಿರೀಟವನ್ನು ಮಾರ್ಟಿನ್ ಹಬ್ಬದ ತನಕ ಇಳಿಸುವುದಿಲ್ಲ.

ಡುಲ್ಸಿನ್